ಇನ್ನೊಂದು ಮೈದಾನದ ಸ್ಕೋರು

2022ರ ಡಿಸೆಂಬರ್ 2. ಕತಾರ್‌ನ ಎಜುಕೇಷನ್ ಸಿಟಿ ಕ್ರೀಡಾಂಗಣದಲ್ಲಿ ಪೋರ್ಚುಗಲ್ ತಂಡವನ್ನು 2–1ರಿಂದ ಸೋಲಿಸಿದ ದಕ್ಷಿಣ ಕೊರಿಯಾದ ಆಟಗಾರರು ಮೈದಾನದಲ್ಲೇ ಸುತ್ತುಗಟ್ಟಿ ನಿಂತಿದ್ದರು. ನಡುವೆ ಒಂದು ಮೊಬೈಲ್. ಎಲ್ಲರ ಕಣ್ಣೂ ಅದರ ಮೇಲೆ. ಪೋರ್ಚುಗಲ್‌ನಂಥ ತಂಡವನ್ನು ಕೊನೆಯ ಗಳಿಗೆಯ ಗೋಲಿನಿಂದ ಮಣಿಸಿದವರು ಕುಣಿದು ಕುಪ್ಪಳಿಸಬೇಕಿತ್ತು. ಆದರೆ ಅವರ ವಿಶ್ವಕಪ್ ಉಳಿಯಿತೋ ಮುಗಿಯಿತೋ ಎಂಬುದು ಅವರಿಗೇ ಗೊತ್ತಿರಲಿಲ್ಲ. ಅತ್ತ ಅಲ್ ಜನೂಬ್ ಕ್ರೀಡಾಂಗಣದಲ್ಲಿ ಉರುಗ್ವೆ ಮತ್ತು ಘಾನಾ ನಡುವಿನ ಪಂದ್ಯ ಇನ್ನೂ ನಡೆಯುತ್ತಿತ್ತು. ಉರುಗ್ವೆ 2–0 ಮುಂದಿತ್ತು. ಅದು ಇನ್ನೊಂದು ಗೋಲು ಹೊಡೆದಿದ್ದರೆ ಕೊರಿಯಾ ಹೊರಗೆ.

ಉರುಗ್ವೆಗೆ ಆ ಒಂದು ಗೋಲು ಸಿಗಲಿಲ್ಲ. ಎರಡೂ ತಂಡಗಳಿಗೆ ತಲಾ 4 ಪಾಯಿಂಟ್ಸ್, ಗೋಲು ಅಂತರವೂ ಸಮ. ಆದರೆ ಕೊರಿಯಾ ಮೂರು ಪಂದ್ಯಗಳಲ್ಲಿ 4 ಗೋಲು ಹೊಡೆದಿತ್ತು, ಉರುಗ್ವೆ ಎರಡೇ. ಕೊರಿಯಾ ಒಳಗೆ. ಬೆಂಚಿನ ಮೇಲೆ ಕುಳಿತಿದ್ದ ಲೂಯಿಸ್ ಸುವಾರೆಜ್ ಜೆರ್ಸಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಪಂದ್ಯ ಗೆದ್ದ ತಂಡದ ಆಟಗಾರ ಅವರು! ಸೋತು ತಾವೂ ಹೊರಬಿದ್ದಿದ್ದ ಘಾನಾದವರಿಗೆ ಮಾತ್ರ ಅವತ್ತು ಒಂದು ಬಗೆಯ ಸಮಾಧಾನವಿತ್ತು. 2010ರ ಕ್ವಾರ್ಟರ್‌ಫೈನಲ್‌ನ ಕಟ್ಟಕಡೆಯ ಗಳಿಗೆಯಲ್ಲಿ ಇದೇ ಸುವಾರೆಜ್ ಗೋಲಿಗೆ ಹೋಗುತ್ತಿದ್ದ ಚೆಂಡನ್ನು ಕೈಯಿಂದ ತಡೆದು ಘಾನಾದ ಕನಸು ಕಸಿದಿದ್ದನ್ನು ಅವರು ಹನ್ನೆರಡು ವರ್ಷ ಮರೆತಿರಲಿಲ್ಲ.

ವಿಶ್ವಕಪ್ ಫುಟ್‌ಬಾಲ್ ಎಂದರೆ ಹೆಚ್ಚಿನವರಿಗೆ ಸೆಮಿಫೈನಲ್, ಫೈನಲ್. ಗುಂಪು ಹಂತ ಎಂದರೆ ‘ಅದು ಬಿಡಿ, ಇನ್ನೂ ಶುರುವಾಗಿಲ್ಲ’ ಅನ್ನುವವರೇ ಬಹಳ. ನನಗೆ ಮಾತ್ರ ನಾಕೌಟ್‌ಗಿಂತ ಗುಂಪು ಹಂತವೇ ಇಷ್ಟ. ಅದರಲ್ಲೂ ಕೊನೆಯ ಸುತ್ತಿನ ಪಂದ್ಯಗಳು. ನಾಕೌಟ್‌ನಲ್ಲಿ ಎದುರಿಗಿದ್ದವರನ್ನು ಗೆದ್ದರೆ ಮುಗಿಯಿತು, ಲೆಕ್ಕ ನೇರ. ಗುಂಪಿನಲ್ಲಿ ಹಾಗಲ್ಲ. ನಾಲ್ಕು ತಂಡ, ತಲಾ ಮೂರು ಪಂದ್ಯ. ಗೆದ್ದರೆ 3 ಪಾಯಿಂಟ್ಸ್, ಡ್ರಾ ಆದರೆ 1. ನೀವು ಗೆದ್ದೂ ಹೊರಗೆ ಹೋಗಬಹುದು, ಸೋತೂ ಒಳಗೆ ಉಳಿಯಬಹುದು. ನೀವು ಕಣ್ಣಲ್ಲೂ ಕಾಣದ ಇನ್ನೊಂದು ಮೈದಾನದಲ್ಲಿ ಯಾರೋ ಯಾರಿಗೋ ಹೊಡೆದ ಗೋಲು ನಿಮ್ಮ ಹಣೆಬರಹ ಬರೆಯಬಹುದು. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಕಟ್ ಆಫ್‌ಗೆ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಸಮಯಕ್ಕೆ ಶುರುವಾಗುತ್ತವೆ ಎಂಬುದು ಇವತ್ತು ಎಲ್ಲರಿಗೂ ಗೊತ್ತು. ಮೊದಲು ಹಾಗಿರಲಿಲ್ಲ. ಆ ನಿಯಮಕ್ಕೆ ಬೆಲೆ ತೆತ್ತದ್ದು ಅಲ್ಜೀರಿಯಾ.

1982ರ ವಿಶ್ವಕಪ್ ಸ್ಪೇನ್‌ನಲ್ಲಿ ನಡೆಯಿತು. ಅಲ್ಜೀರಿಯಾಕ್ಕೆ ಅದು ಮೊದಲ ವಿಶ್ವಕಪ್. ಮೊದಲ ಪಂದ್ಯದ ಎದುರಾಳಿ ಆಗಿನ ಯುರೋಪ್ ಚಾಂಪಿಯನ್ ಪಶ್ಚಿಮ ಜರ್ಮನಿ. ಜೂನ್ 16ರಂದು ಗಿಹಾನ್ ನಗರದಲ್ಲಿ ನಡೆದ ಆ ಪಂದ್ಯವನ್ನು ಅಲ್ಜೀರಿಯಾ 2–1ರಿಂದ ಗೆದ್ದುಬಿಟ್ಟಿತು. ರಬಾಹ್ ಮಾಜೆರ್ ಒಂದು ಗೋಲು, ಲಖ್ದರ್ ಬೆಲ್ಲೂಮಿ ಇನ್ನೊಂದು. ಜರ್ಮನಿಯವರು ಸಮ ಮಾಡಿದ ಮರುನಿಮಿಷವೇ ಬೆಲ್ಲೂಮಿ ಗೋಲು ಬಂದಿತ್ತು. ವಿಶ್ವಕಪ್‌ನಲ್ಲಿ ಆಫ್ರಿಕಾದ ತಂಡವೊಂದು ಯುರೋಪಿನ ತಂಡವನ್ನು ಸೋಲಿಸಿದ್ದು ಅದೇ ಮೊದಲು. ಮುಂದೆ ಆಸ್ಟ್ರಿಯಾ ಎದುರು 0–2ರ ಸೋಲು. ಕೊನೆಯದಾಗಿ ಜೂನ್ 24ರಂದು ಚಿಲಿ ವಿರುದ್ಧ 3–2ರ ಗೆಲುವು. ಗೆಲುವಿಗೆ ಆಗ ಎರಡೇ ಪಾಯಿಂಟ್ಸ್, ಅಲ್ಜೀರಿಯಾ ಬಳಿ ಒಟ್ಟು 4 ಇದ್ದವು. ಗುಂಪಿನಲ್ಲಿ ಉಳಿದದ್ದು ಒಂದೇ ಪಂದ್ಯ, ಪಶ್ಚಿಮ ಜರ್ಮನಿ–ಆಸ್ಟ್ರಿಯಾ. ಅದು ಮರುದಿನ.

ಎಲ್ಲ ಗಂಡಾಂತರ ಆ ‘ಮರುದಿನ’ದಲ್ಲಿತ್ತು. ಮೈದಾನಕ್ಕೆ ಇಳಿಯುವ ಮೊದಲೇ ಎರಡೂ ತಂಡಗಳ ಕೈಯಲ್ಲಿ ಲೆಕ್ಕ ಸಿದ್ಧವಿತ್ತು. ಜರ್ಮನಿ ಗೆಲ್ಲದಿದ್ದರೆ ಜರ್ಮನಿ ಹೊರಗೆ. ಜರ್ಮನಿ ಮೂರು ಗೋಲುಗಳ ಅಂತರದಿಂದ ಗೆದ್ದರೆ ಆಸ್ಟ್ರಿಯಾ ಹೊರಗೆ. ಒಂದೋ ಎರಡೋ ಗೋಲುಗಳ ಅಂತರದಿಂದ ಗೆದ್ದರೆ ಇಬ್ಬರೂ ಒಳಗೆ, ಅಲ್ಜೀರಿಯಾ ಮಾತ್ರ ಹೊರಗೆ. ಹತ್ತನೇ ನಿಮಿಷದ ಹೊತ್ತಿಗೆ ಜರ್ಮನಿಯ ಹೋರ್ಸ್ಟ್ ಹ್ರುಬೆಶ್ ಗೋಲು ಹೊಡೆದರು. ಆಮೇಲೆ ಆಟ ನಿಧಾನವಾಗಿ ತಣ್ಣಗಾಯಿತು. ವಿರಾಮದ ನಂತರವಂತೂ ಚೆಂಡು ಹಿಂದಕ್ಕೆ, ಅಡ್ಡಕ್ಕೆ, ಮತ್ತೆ ಗೋಲ್‌ಕೀಪರ್‌ಗೆ. ಯಾರೂ ಯಾರಿಗೂ ನೋವು ಮಾಡುವ ಉಮೇದಿನಲ್ಲಿರಲಿಲ್ಲ. ಗ್ಯಾಲರಿಯಲ್ಲಿದ್ದ ಅಲ್ಜೀರಿಯಾದ ಪ್ರೇಕ್ಷಕರು ನೋಟುಗಳನ್ನು ಆಡಿಸಿ ತೋರಿಸಿದರು, ಮಾರಾಟವಾಗಿದ್ದೀರಿ ಎಂಬಂತೆ. ಆಸ್ಟ್ರಿಯಾದ ಟಿ.ವಿ. ವೀಕ್ಷಕ ವಿವರಣೆಕಾರರು ಜನರಿಗೆ ಟಿ.ವಿ. ಆರಿಸಿಬಿಡಿ ಎಂದರು. ಅಲ್ಲಿನ ಸ್ಥಳೀಯ ಪತ್ರಿಕೆ ‘ಎಲ್ ಕೊಮೆರ್ಸಿಯೊ’ ಪಂದ್ಯದ ವರದಿಯನ್ನು ಅಪರಾಧ ಸುದ್ದಿಗಳ ಜಾಗದಲ್ಲಿ ಅಚ್ಚು ಹಾಕಿತು.

ಅಲ್ಜೀರಿಯಾ ದೂರು ಕೊಟ್ಟಿತು. ಫಿಫಾ ಪರಿಶೀಲಿಸಿ, ಯಾವ ನಿಯಮವೂ ಮುರಿದಿಲ್ಲ ಎಂದಿತು. ಸತ್ಯವೇ. ನಿಧಾನವಾಗಿ ಆಡಬಾರದು ಎಂಬ ನಿಯಮ ಎಲ್ಲಿದೆ? 1986ರ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸತೊಡಗಿದರು. ನಿಯಮ ಬಂತು, ಆದರೆ ಅದು ಬರಲು ಕಾರಣವಾದವರಿಗೆ ಅದರಿಂದ ಚಿಕ್ಕಾಸಿನ ಪ್ರಯೋಜನವಾಗಲಿಲ್ಲ.

ಈ ಕಥೆಯನ್ನು ಅನ್ಯಾಯದ ಕಥೆ ಎಂದಷ್ಟೇ ಎಲ್ಲರೂ ಹೇಳುತ್ತಾರೆ. ಅಂಕಿಗಳನ್ನು ಇನ್ನೊಮ್ಮೆ ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಚಿಲಿ ವಿರುದ್ಧ ವಿರಾಮದ ಹೊತ್ತಿಗೆ ಅಲ್ಜೀರಿಯಾ 3–0 ಮುಂದಿತ್ತು. ಎರಡನೇ ಅವಧಿಯಲ್ಲಿ ಎರಡು ಗೋಲು ಬಿಟ್ಟುಕೊಟ್ಟಿತು. ಆ ಎರಡು ಗೋಲು ಬಿಡದೇ ಇದ್ದಿದ್ದರೆ ಅದರ ಗೋಲು ಅಂತರ ಆಸ್ಟ್ರಿಯಾದಷ್ಟೇ ಆಗುತ್ತಿತ್ತು, ಹೊಡೆದ ಗೋಲುಗಳು ಹೆಚ್ಚಿದ್ದವು. ಮರುದಿನದ 1–0 ಇಬ್ಬರಿಗೂ ಸಾಕಾಗುತ್ತಿರಲಿಲ್ಲ. ಹಾಗಂತ ಗಿಹಾನ್‌ನಲ್ಲಿ ನಡೆದದ್ದು ಸರಿ ಎಂದಲ್ಲ. ಗೆಲುವು ಖಚಿತವಾದ ಪಂದ್ಯದಲ್ಲಿ ಯಾರೂ ಲೆಕ್ಕಕ್ಕಿಡದ ಎರಡು ಗೋಲು ಮರುದಿನ ಬಾಗಿಲು ಮುಚ್ಚಿದವು ಎಂಬುದೂ ಅಷ್ಟೇ ನಿಜ.

ಅದೇ 1982ರಲ್ಲಿ ಇನ್ನೊಂದು ಗುಂಪಿನಲ್ಲಿ ಇಟಲಿ ಮತ್ತು ಕ್ಯಾಮರೂನ್ ಮೂರಕ್ಕೆ ಮೂರೂ ಪಂದ್ಯ ಡ್ರಾ ಮಾಡಿಕೊಂಡವು. ಇಟಲಿ ಹೊಡೆದದ್ದು ಎರಡು ಗೋಲು, ಕ್ಯಾಮರೂನ್ ಒಂದು. ಒಂದೂ ಪಂದ್ಯ ಸೋಲದೆ ಕ್ಯಾಮರೂನ್ ಮನೆಗೆ ಹೋಯಿತು. ಒಂದೂ ಪಂದ್ಯ ಗೆಲ್ಲದೆ ಮುಂದಕ್ಕೆ ಹೋದ ಇಟಲಿ ಕಪ್ ಎತ್ತಿತು.

ನಾನು ಗುಂಪು ಹಂತಕ್ಕೆ ಮನಸೋತದ್ದು 2022ರಲ್ಲಿ. ಆಗ ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುತ್ತಿದ್ದೆ. ಕೋಚಿಂಗ್ ಸೆಂಟರ್‌ಗಳ ನಡುವಿನ ಒಂದು ರೂಮು, ಜೊತೆಗೆ ಗದಗ ಕಡೆಯ ರೂಮ್‌ಮೇಟ್. ಆ ವರ್ಷ ಜಿಯೋ ಸಿನಿಮಾದಲ್ಲಿ ಪಂದ್ಯಗಳು ಪುಕ್ಕಟೆ ಬರುತ್ತಿದ್ದವು. ‘ಇ’ ಗುಂಪಿನ ಕೊನೆಯ ಪಂದ್ಯಗಳು ನಮ್ಮ ರಾತ್ರಿ ಹನ್ನೆರಡೂವರೆಗೆ. ದಪ್ಪನೆಯ ಸಂವಿಧಾನದ ಗೈಡ್‌ಗೆ ಎರಡು ಮೊಬೈಲ್ ಒರಗಿಸಿ ಇಟ್ಟೆವು. ಒಂದರಲ್ಲಿ ಜಪಾನ್–ಸ್ಪೇನ್, ಇನ್ನೊಂದರಲ್ಲಿ ಜರ್ಮನಿ–ಕೋಸ್ಟರಿಕಾ.

ವಿರಾಮದ ಹೊತ್ತಿಗೆ ಎಲ್ಲ ಲೆಕ್ಕದ ಪ್ರಕಾರವೇ ಇತ್ತು. ಸ್ಪೇನ್ 1–0, ಜರ್ಮನಿ 1–0. ಇಬ್ಬರು ದೊಡ್ಡವರೂ ಒಳಗೆ. ಮಲಗೋಣವೇ ಎಂದು ಯೋಚಿಸುತ್ತಿದ್ದೆವು. 48ನೇ ನಿಮಿಷಕ್ಕೆ ಜಪಾನ್‌ನ ರಿತ್ಸು ದೋವಾನ್ ಗೋಲು. ಮೂರು ನಿಮಿಷಕ್ಕೆ ಆವೊ ತನಾಕಾ ಇನ್ನೊಂದು. ಆ ಎರಡನೆಯದನ್ನು ನೀವು ಚಿತ್ರದಲ್ಲಿ ನೋಡಿಯೇ ಇರುತ್ತೀರಿ. ಕವೊರು ಮಿತೋಮಾ ಗೆರೆಯ ಮೇಲಿಂದ ಚೆಂಡನ್ನು ಒಳಕ್ಕೆ ತಳ್ಳಿದಾಗ ಚೆಂಡು ಹೊರಗೆ ಹೋಗಿತ್ತೆಂದೇ ಎಲ್ಲರೂ ಅಂದುಕೊಂಡರು. ವಿಡಿಯೊ ಪರಿಶೀಲನೆಯಲ್ಲಿ ಚೆಂಡಿನ ಅಂಚು ಕೂದಲೆಳೆಯಷ್ಟು ಗೆರೆಯ ಮೇಲೆ ಇತ್ತು. ನೆಲಕ್ಕೆ ತಾಗಿದ ಭಾಗವಲ್ಲ, ಮೇಲಿನಿಂದ ನೋಡಿದಾಗ ಕಾಣುವ ಉಬ್ಬು. ಗೋಲು ಉಳಿಯಿತು.

ಅಷ್ಟರಲ್ಲಿ ಎರಡನೇ ಮೊಬೈಲ್‌ನಲ್ಲಿ ಕೋಸ್ಟರಿಕಾ ಸಮ ಮಾಡಿತು. 70ನೇ ನಿಮಿಷಕ್ಕೆ 2–1ರಿಂದ ಮುಂದೆಯೂ ಹೋಯಿತು. ರೂಮ್‌ಮೇಟ್ ಹಾಸಿಗೆಯಿಂದ ಎದ್ದೇ ನಿಂತ. ‘ಲೇ, ಇಬ್ರೂ ದೊಡ್ಡಾವ್ರು ಹೊರಗ ಹೋದ್ರಲೇ!’ ಮೂರು ನಿಮಿಷ, ಬರೀ ಮೂರು ನಿಮಿಷ ಪಟ್ಟಿಯಲ್ಲಿ ಜಪಾನ್ ಮತ್ತು ಕೋಸ್ಟರಿಕಾ ಮೇಲಿದ್ದವು, ಸ್ಪೇನ್ ಮತ್ತು ಜರ್ಮನಿ ಕೆಳಗೆ. ಎರಡೂ ಮಾಜಿ ವಿಶ್ವ ಚಾಂಪಿಯನ್ನರು. ಪಕ್ಕದ ರೂಮಿನವರು ಗೋಡೆ ಬಡಿದು ಬೈದರು. 73ನೇ ನಿಮಿಷಕ್ಕೆ ಕೈ ಹಾವರ್ಟ್ಸ್ ಸಮ ಮಾಡಿದ ಮೇಲೆ ಸ್ಪೇನ್‌ಗೆ ಉಸಿರು ಬಂತು. ಅಂದರೆ ಸ್ಪೇನನ್ನು ಉಳಿಸಿದ್ದು ಜರ್ಮನಿ! (ಆ ಪಂದ್ಯಕ್ಕೆ ರೆಫರಿ ಫ್ರಾನ್ಸ್‌ನ ಸ್ಟೆಫನಿ ಫ್ರಪಾರ್. ಪುರುಷರ ವಿಶ್ವಕಪ್ ಪಂದ್ಯಕ್ಕೆ ಮಹಿಳೆಯೊಬ್ಬರು ಮುಖ್ಯ ರೆಫರಿಯಾದದ್ದು ಅವತ್ತೇ ಮೊದಲು. ನಮ್ಮ ಗಲಾಟೆಯಲ್ಲಿ ಅದು ಗಮನಕ್ಕೆ ಬಂದದ್ದು ಮರುದಿನ ಪೇಪರ್ ಓದುವಾಗ.)

ಕೊನೆಗೆ ಜರ್ಮನಿ 4–2ರಿಂದ ಗೆದ್ದಿತು. ಗೆದ್ದೂ ಹೊರಗೆ. ತಾನು ಹೊಡೆದ ನಾಲ್ಕು ಗೋಲಿಗಿಂತ ಅದಕ್ಕೆ ಬೇಕಿದ್ದದ್ದು ಇನ್ನೊಂದು ಮೈದಾನದಲ್ಲಿ ಸ್ಪೇನ್ ಹೊಡೆಯಬಹುದಾಗಿದ್ದ ಒಂದೇ ಒಂದು ಗೋಲು. ಅದು 2–2 ಆಗಿದ್ದರೆ ಜಪಾನ್ ಹಿಂದೆ ಬಿದ್ದು ಜರ್ಮನಿ ಒಳಗೆ ಬರುತ್ತಿತ್ತು. ಆದರೆ ಶೇ 18ರಷ್ಟು ಹೊತ್ತೂ ಚೆಂಡು ತನ್ನ ಬಳಿ ಇಟ್ಟುಕೊಳ್ಳದ ಜಪಾನ್ ಕೊನೆಯವರೆಗೂ ಅದಕ್ಕೆ ಬಿಡಲಿಲ್ಲ. ಸೋತ ಸ್ಪೇನ್ ಮುಂದಕ್ಕೆ ಹೋಯಿತು. ಕಾರಣ, ಮೊದಲ ಪಂದ್ಯದಲ್ಲಿ ಕೋಸ್ಟರಿಕಾಗೆ ಅದು 7–0 ಬಾರಿಸಿತ್ತು. ಅವತ್ತು ನಾಲ್ಕು ಗೋಲಾದ ಮೇಲೆ ‘ಸಾಕಪ್ಪಾ, ಪಾಪ’ ಅಂದುಕೊಂಡೇ ನಾನು ಮೊಬೈಲ್ ಆರಿಸಿದ್ದೆ. ಆ ಪಾಪದ ಗೋಲುಗಳೇ ಎಂಟು ದಿನದ ನಂತರ ಸ್ಪೇನಿನ ಕೈ ಹಿಡಿದವು.

ಪಾಯಿಂಟ್ಸ್ ಸಮ, ಗೋಲು ಅಂತರ ಸಮ, ಹೊಡೆದ ಗೋಲೂ ಸಮ, ಪರಸ್ಪರ ಆಡಿದ ಪಂದ್ಯವೂ ಡ್ರಾ. ಆಗ ಏನು ಮಾಡುವುದು? 2018ರ ಜೂನ್ 28ರಂದು ರಷ್ಯಾದಲ್ಲಿ ಇದೇ ಆಯಿತು. ವೋಲ್ಗೊಗ್ರಾಡ್‌ನಲ್ಲಿ ಜಪಾನ್ ಪೋಲೆಂಡ್‌ಗೆ 0–1 ಹಿಂದಿತ್ತು. ಅದೇ ಹೊತ್ತಿಗೆ ಸಮಾರಾದಲ್ಲಿ ಸೆನೆಗಲ್ ಕೂಡ ಕೊಲಂಬಿಯಾಗೆ 0–1 ಹಿಂದೆ. ಎರಡೂ ತಂಡಗಳಿಗೆ 4 ಪಾಯಿಂಟ್ಸ್, 4 ಗೋಲು, ಪರಸ್ಪರ ಪಂದ್ಯ 2–2. ಬೇರೆ ಇದ್ದದ್ದು ಹಳದಿ ಕಾರ್ಡ್‌ಗಳ ಲೆಕ್ಕ ಮಾತ್ರ. ಜಪಾನ್‌ಗೆ 4, ಸೆನೆಗಲ್‌ಗೆ 6. ಇದು ತಿಳಿದ ಜಪಾನ್ ಕೋಚ್ ಅಕಿರಾ ನಿಶಿನೊ ದಾಳಿ ನಿಲ್ಲಿಸಿಸಿದರು. ಕೊನೆಯ ಹತ್ತು ನಿಮಿಷ ಸೋಲುತ್ತಿರುವ ತಂಡವೇ ಚೆಂಡನ್ನು ತಮ್ಮತಮ್ಮಲ್ಲೇ ತಿರುಗಿಸುತ್ತಾ ನಿಂತಿತು. ಜನ ಸಿಳ್ಳೆ ಹೊಡೆದು ಛೀಮಾರಿ ಹಾಕಿದರು. ಸಮಾರಾದಲ್ಲಿ ಸೆನೆಗಲ್ ಒಂದು ಗೋಲು ಹೊಡೆದಿದ್ದರೆ ಜಪಾನ್ ನಗೆಪಾಟಲಾಗುತ್ತಿತ್ತು. ಹೊಡೆಯಲಿಲ್ಲ. ಹಳದಿ ಕಾರ್ಡ್‌ಗಳ ಲೆಕ್ಕದಲ್ಲಿ ವಿಶ್ವಕಪ್‌ನಿಂದ ಹೊರಬಿದ್ದ ಮೊದಲ ತಂಡ ಸೆನೆಗಲ್. ಎರಡೂ ಪಂದ್ಯ ಒಂದೇ ಸಮಯಕ್ಕೆ ಆಡಿಸಿದರೂ ಲೆಕ್ಕ ಹಾಕುವವರನ್ನು ತಡೆಯಲಾಗಲಿಲ್ಲ ನೋಡಿ.

ನನ್ನ ರೂಮ್‌ಮೇಟ್‌ಗೆ ಈ ಕಥೆ ಮೊದಲು ಹೇಳಿದಾಗ ಅವನು ನಕ್ಕಿದ್ದ. ಮರುವರ್ಷ ಅವನು ಬರೆದಿದ್ದ ಒಂದು ನೇಮಕಾತಿಯ ಆಯ್ಕೆ ಪಟ್ಟಿ ಬಂತು. ಅವನ ವರ್ಗದಲ್ಲಿ ಕೊನೆಯದಾಗಿ ಆಯ್ಕೆಯಾದವರಿಗೂ ಇವನಿಗೂ ಅಂಕ ಒಂದೇ, ದಶಮಾಂಶದವರೆಗೂ ಒಂದೇ. ಸಮಾನ ಅಂಕ ಬಂದರೆ ವಯಸ್ಸಿನಲ್ಲಿ ಹಿರಿಯರಿಗೆ ಆದ್ಯತೆ ಎಂಬ ನಿಯಮ ಅನೇಕ ನೇಮಕಾತಿಗಳಲ್ಲಿ ಇರುತ್ತದೆ, ಇದರಲ್ಲೂ ಇತ್ತು. ಅವರು ಇವನಿಗಿಂತ ಎಂಟು ತಿಂಗಳು ದೊಡ್ಡವರು. ಪಟ್ಟಿ ನೋಡಿದವನು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಸಂಜೆ ಚಹಾ ಕುಡಿಯುವಾಗ, ‘ನಮ್ಮವ್ವ ಒಂದೆಂಟ್ ತಿಂಗಳ ಮೊದ್ಲ ಹಡಿಬೇಕಿತ್ತು ನೋಡ್ ದೋಸ್ತ’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ನಾ ಸೆನೆಗಲ್ ಆದ್ನಿ’ ಎಂದ. ರಾತ್ರಿ ಪ್ರಶ್ನೆಪತ್ರಿಕೆ ತೆಗೆದು ಕುಳಿತ. ಗೊತ್ತಿಲ್ಲದೆಯೂ ಧೈರ್ಯ ಮಾಡಿ ತುಂಬಿದ್ದ ಎರಡು ಉತ್ತರಗಳ ಪಕ್ಕ ಪೆನ್ಸಿಲ್‌ನಲ್ಲಿ ಗುರುತಿತ್ತು. ಎರಡೂ ತಪ್ಪು. ತಪ್ಪಿಗೆ ಕಾಲು ಅಂಕ ಕಡಿತ. ‘ಇವು ನನ್ನ ಹಳದಿ ಕಾರ್ಡ್’ ಎಂದ.

ಹಳದಿ ಕಾರ್ಡ್ ಎಣಿಸಿ ತಂಡ ಕಳಿಸುವುದು ಕ್ರೂರ ಎಂದು ಬಹಳ ಜನ ಬರೆದರು. ನನಗೆ ಹಾಗನ್ನಿಸುವುದಿಲ್ಲ. 1990ರ ವಿಶ್ವಕಪ್‌ನಲ್ಲಿ ಐರ್ಲೆಂಡ್ ಮತ್ತು ನೆದರ್ಲೆಂಡ್ಸ್ ಎಲ್ಲದರಲ್ಲೂ ಸಮನಾದಾಗ ಎರಡನೆಯವರು ಯಾರು, ಮೂರನೆಯವರು ಯಾರು ಎಂದು ಚೀಟಿ ಎತ್ತಿ ನಿರ್ಧರಿಸಿದ್ದರು. ಚೀಟಿಗಿಂತ ಕಾರ್ಡ್ ಮೇಲು. ರೆಫರಿ ತಪ್ಪು ಮಾಡಬಹುದು, ಆದರೂ ಕಾಲು ಎಲ್ಲಿ ಚಾಚಬೇಕು ಎಂಬುದು ಆಟಗಾರನ ಕೈಯಲ್ಲೇ ಇದೆ. ಹುಟ್ಟಿದ ದಿನಾಂಕ ಯಾರ ಕೈಯಲ್ಲಿದೆ? ಅದು ಚೀಟಿಗೆ ಹತ್ತಿರ. ದೊಡ್ಡವರಿಗೆ ಮುಂದೆ ಅವಕಾಶ ಕಡಿಮೆ, ಅದಕ್ಕೆ ಈ ನಿಯಮ ಎನ್ನುತ್ತಾರೆ. ಅದರಲ್ಲೂ ಅರ್ಥವಿದೆ. ಆದರೆ ಎಂಟು ತಿಂಗಳಿಗೆ ನೌಕರಿ ತಪ್ಪಿದವನ ಎದುರು ಕುಳಿತು ಆ ವಾದ ಹೇಳಲು ನನಗಂತೂ ಬಾಯಿ ಬರಲಿಲ್ಲ. ಆಮೇಲೆ ಎಷ್ಟೋ ತಿಂಗಳು ಅವನು ಹೆಚ್ಚುವರಿ ಪಟ್ಟಿ ಬರುತ್ತದೆಯೇ ಎಂದು ಕಾದ. ಬರಲಿಲ್ಲ. ಮತ್ತೊಂದು ಅರ್ಜಿ ಹಾಕಿದ.

ಕಾಯುವುದಕ್ಕೂ ಫುಟ್‌ಬಾಲ್‌ನಲ್ಲಿ ಒಂದು ಜಾಗ ಮಾಡಿಟ್ಟಿದ್ದಾರೆ, ಮೂರನೇ ಸ್ಥಾನ. 2016ರ ಯುರೊ ಕಪ್‌ನಲ್ಲಿ ಆರು ಗುಂಪುಗಳಿದ್ದವು. ಮೂರನೇ ಸ್ಥಾನ ಪಡೆದ ಆರರಲ್ಲಿ ನಾಲ್ಕು ತಂಡಗಳಿಗೂ ಮುಂದಿನ ಹಂತಕ್ಕೆ ಅವಕಾಶ. ಮೊದಲ ಬಾರಿ ಇಂಥ ದೊಡ್ಡ ಟೂರ್ನಿ ಆಡಿದ ಅಲ್ಬೇನಿಯಾ ಜೂನ್ 19ರಂದು ರುಮೇನಿಯಾವನ್ನು 1–0ರಿಂದ ಸೋಲಿಸಿ ಮೂರನೆಯದಾಯಿತು. ಆಮೇಲೆ ಆಡಲು ಏನೂ ಇಲ್ಲ. ಉಳಿದ ಗುಂಪುಗಳು ಮುಗಿಯುವವರೆಗೆ ಮೂರು ದಿನ ಕಾದರು. 22ರಂದು ಬಂದ ಫಲಿತಾಂಶಗಳಲ್ಲಿ ಅವರ ಹೆಸರು ಹೊರಬಿತ್ತು. ಅದೇ ಟೂರ್ನಿಯಲ್ಲಿ ಮೂರೂ ಪಂದ್ಯ ಡ್ರಾ ಮಾಡಿಕೊಂಡು ಹಾಗೇ ಮೂರನೇ ಸ್ಥಾನದಿಂದ ನುಸುಳಿದ ಇನ್ನೊಂದು ತಂಡ ಪೋರ್ಚುಗಲ್. ಕಪ್ ಗೆದ್ದದ್ದು ಅದೇ. 1994ರ ವಿಶ್ವಕಪ್‌ನ ಒಂದು ಗುಂಪಿನಲ್ಲಂತೂ ಮೆಕ್ಸಿಕೊ, ಐರ್ಲೆಂಡ್, ಇಟಲಿ, ನಾರ್ವೆ ನಾಲ್ಕಕ್ಕೂ 4 ಪಾಯಿಂಟ್ಸ್, ನಾಲ್ಕರ ಗೋಲು ಅಂತರವೂ ಸೊನ್ನೆ. ಒಂದೇ ಗೋಲು ಹೊಡೆದಿದ್ದ ನಾರ್ವೆ ಕೊನೆಗೆ ಉಳಿಯಿತು. ಮೂರನೆಯದಾದ ಇಟಲಿ ಫೈನಲ್‌ವರೆಗೂ ಹೋಯಿತು. ಇನ್ನು 2022ರ ಅರ್ಜೆಂಟೀನಾ. 36 ಪಂದ್ಯ ಸೋಲದೆ ಬಂದ ತಂಡ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾಕ್ಕೆ 1–2ರಿಂದ ಸೋತಿತು. ನಾಕೌಟ್ ಆಗಿದ್ದರೆ ಮೆಸ್ಸಿಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗುಂಪು ಹಂತವಾದ್ದರಿಂದ ಇನ್ನೂ ಎರಡು ಪಂದ್ಯ ಬಾಕಿ ಇದ್ದವು.

2026ರ ವಿಶ್ವಕಪ್‌ಗೆ 48 ತಂಡಗಳು. ಮೊದಲು ಫಿಫಾ ಮೂರು ಮೂರು ತಂಡಗಳ 16 ಗುಂಪು ಮಾಡಲು ಹೊರಟಿತ್ತು. ಹಾಗೆ ಮಾಡಿದ್ದರೆ ಪ್ರತಿ ಗುಂಪಿನ ಕೊನೆಯ ಪಂದ್ಯದ ದಿನ ಒಂದು ತಂಡ ಸುಮ್ಮನೆ ಕುಳಿತು ನೋಡಬೇಕಾಗುತ್ತಿತ್ತು. ಆಡುವ ಇಬ್ಬರಿಗೆ ಲೆಕ್ಕ ಗೊತ್ತು, ಕುಳಿತವರಿಗೆ ಉಪಾಯವಿಲ್ಲ. 48 ತಂಡಗಳಲ್ಲಿ 16 ತಂಡಗಳನ್ನು 1982ರ ಅಲ್ಜೀರಿಯಾದ ಜಾಗದಲ್ಲಿ ಕೂರಿಸಿದ ಹಾಗೆ. ಕತಾರ್‌ನ ಕೊನೆಯ ದಿನಗಳ ರೋಚಕತೆ ನೋಡಿದ ಮೇಲೆ, 2023ರ ಮಾರ್ಚ್‌ನಲ್ಲಿ, ಆ ಯೋಜನೆ ಬಿಟ್ಟು ನಾಲ್ಕು ತಂಡಗಳ 12 ಗುಂಪುಗಳಿಗೆ ಒಪ್ಪಿದರು. ಪ್ರತಿ ಗುಂಪಿನಿಂದ ಇಬ್ಬರು, ಜೊತೆಗೆ ಮೂರನೇ ಸ್ಥಾನದವರಲ್ಲಿ ಉತ್ತಮ ಎಂಟು ತಂಡಗಳು ಮುಂದಕ್ಕೆ. ಒಟ್ಟು 104 ಪಂದ್ಯ. ಎಂಟು ಮೂರನೆಯವರು ಎಂದರೆ ಕಾಯುವವರ ಸಾಲು ಉದ್ದ. ಮೊದಲು ಮುಗಿಸುವ ಗುಂಪುಗಳ ಮೂರನೆಯವರು ದಿನಗಟ್ಟಲೆ ಬೇರೆಯವರ ಸ್ಕೋರು ನೋಡುತ್ತಾ ಕೂರಬೇಕು. ಕೊನೆಗೆ ಆಡುವವರಿಗೆ ಎಷ್ಟು ಸಾಕು ಎಂಬುದು ಮೊದಲೇ ಗೊತ್ತಿರುತ್ತದೆ. ಒಂದು ಗುಂಪಿನೊಳಗೆ ಮುಚ್ಚಿದ ಕಿಂಡಿಯನ್ನು ಗುಂಪುಗಳ ನಡುವೆ ತೆರೆದಿಟ್ಟಂತೆ ಆಗಿದೆ ಎಂಬುದು ನನ್ನ ಅನಿಸಿಕೆ.

2025ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಗುಂಪುಗಳ ಚೀಟಿ ಎತ್ತಿದಾಗ ‘ಜೆ’ ಗುಂಪಿಗೆ ಬಂದ ಹೆಸರುಗಳು ಅರ್ಜೆಂಟೀನಾ, ಅಲ್ಜೀರಿಯಾ, ಆಸ್ಟ್ರಿಯಾ, ಜೋರ್ಡಾನ್. 2014ರಲ್ಲಿ ಅಲ್ಜೀರಿಯಾ ಮೊದಲ ಬಾರಿ ಗುಂಪು ಹಂತ ದಾಟಿದಾಗ ಎದುರಾದದ್ದು ಜರ್ಮನಿ. ಹೆಚ್ಚುವರಿ ಅವಧಿಯವರೆಗೂ ಕಾದಾಡಿ 1–2ರಿಂದ ಸೋತಿತ್ತು. ಉಳಿದದ್ದು ಆಸ್ಟ್ರಿಯಾ. ವೇಳಾಪಟ್ಟಿಯ ಪ್ರಕಾರ ಜೂನ್ 27ರಂದು ಗುಂಪಿನ ಕೊನೆಯ ಸುತ್ತಿನಲ್ಲಿ ಕಾನ್ಸಾಸ್ ಸಿಟಿಯಲ್ಲಿ ಅಲ್ಜೀರಿಯಾ–ಆಸ್ಟ್ರಿಯಾ. ಅದೇ ಸಮಯಕ್ಕೆ ಡಲ್ಲಾಸ್‌ನಲ್ಲಿ ಜೋರ್ಡಾನ್–ಅರ್ಜೆಂಟೀನಾ. ನಮಗೆ ಅದು 28ರ ಬೆಳಿಗ್ಗೆ, ಭಾನುವಾರ. ರೂಮ್‌ಮೇಟ್‌ಗೆ ಈಗಲೇ ಹೇಳಿಟ್ಟಿದ್ದೇನೆ, ಎರಡೂ ಮೊಬೈಲ್ ಚಾರ್ಜ್ ಮಾಡಿಡು ಎಂದು.